ಗೂಟವಿಲ್ಲದ ಗೋಡೆ

ಬಾಗಿಲ ಮೇಲೆ ಮರಾಠಿಯಲ್ಲಿ 'ರಕ್ತಪೇಢಿ' ಅಂತ ಬರೆದಿದೆ,
ತೊಗರಿ ಅಡತಿಯವರ ಪೇಢಿ ಇದ್ದ ಹಾಗೆ.
ಸೊಲ್ಲಾಪುರದ ಈ ಅಂಗಡಿಯಲ್ಲಿ ಹನ್ನೊಂದು ವರ್ಷ
ತೂಕ ನೋಡುತ್ತ ಕೂತವಳು ನಾನು.

ಆ ರಾತ್ರಿ ದುಧನಿ ಕಡೆಯ ಬಾಣಂತಿ, ಮಹಾನಂದಾ ಕಲಶೆಟ್ಟಿ.
ಚೀಟಿಯಲ್ಲಿ 'ಓ' ಎಂದು ಬರೆದು ಕಳಿಸಿದ್ದರು.
ಕಪಾಟಿನಲ್ಲಿ ಓ ಚೀಲ ಎಂಟಿದ್ದವು.
ಒಂದೊಂದರ ಹನಿಯನ್ನೂ ಅವಳ ಹನಿಗೆ ಕೂಡಿಸಿದೆ.
ಎಂಟೂ ಒಡೆದವು,
ಲಿಂಬಿ ಹಿಂಡಿದ ಹಾಲಿನ ಹಾಗೆ.
ಗಾಜು ತೊಳೆದೆ, ಕನ್ನಡಕ ಒರೆಸಿದೆ, ಮತ್ತೆ ಮಾಡಿದೆ.
ಮತ್ತೆ ಒಡೆದವು.

ಹೊರಗೆ ಬಾಕಿನ ಮೇಲೆ ಅವಳ ಗಂಡ,
ಅಂದರೆ ಅವಳ ಸೋದರಮಾವ.
'ಮುಂಬಯಿ ಗುಂಪು' ಎಂದೆ.
'ನಾವು ಪುಣೆ ದಾಟಿ ಹೋದವರಲ್ಲರೀ ಬಾಯಿ' ಅಂದ.

ಹೇಗೆ ಹೇಳಲಿ?
ಎ, ಬಿ ಎಂಬವು ಅಂಗಿ ಇದ್ದ ಹಾಗೆ,
ನೇತುಹಾಕಲು ಗೋಡೆಗೊಂದು ಗೂಟ ಬೇಕು.
ಓ ಎಂದರೆ ಅಂಗಿಯಿಲ್ಲದ ಬರೀ ಗೂಟ.
ಇವಳ ಗೋಡೆಗೆ ಗೂಟವೇ ಇಲ್ಲ.
ಅಂಗಿ ಇದ್ದರೂ ಇರಬಹುದು, ಹಾಕಲು ಜಾಗವಿಲ್ಲ.
ಪರರ ಗೂಟ ಕಂಡರೆ ಮಾತ್ರ
ಮೈಮೇಲೆ ಬೀಳುತ್ತದೆ ಈ ರಕ್ತ.

ಇಲ್ಲದ್ದನ್ನೂ ಹಿರಿಯರು ಬಿಟ್ಟುಹೋಗುತ್ತಾರೆ.
ತಾಯಿಯ ಕಡೆಯದೊಂದು ಇಲ್ಲ, ತಂದೆಯ ಕಡೆಯದೊಂದು ಇಲ್ಲ
ಎದುರುಬದುರಾದಾಗ ಹೀಗೆ.
ಹೊಲ ಹೊರಗೆ ಹೋಗಬಾರದೆಂದು
ಮೂರು ತಲೆ ಅಕ್ಕನ ಮಗಳನ್ನೇ ತಂದುಕೊಂಡ ಮನೆ.
ಹೊಲದ ಜೊತೆ ಇದೂ ಒಳಗೇ ಉಳಿಯಿತು,
ಸಾತಬಾರಾ ಉತಾರದಲ್ಲಿ ಏರದೆ.

ತಮ್ಮನದು ಕೂಡಲಿಲ್ಲ, ಅವನಿಗೆ ಗೂಟವಿತ್ತು.
ಬೆಳಗಿನ ತನಕ ಫೋನು ಮಾಡಿದೆ.
ಅಜ್ಜಿ ಭಾಗಿರಥಿ ನಿದ್ದೆಗೆಟ್ಟು ಮಾತಿಗೆ ಬಿದ್ದಿದ್ದಳು:
'ಸುಗ್ಗಿ ಮುಗಿದ ಮ್ಯಾಲ ಎತ್ತಿನ ಮ್ಯಾಲ ಹೆಳವ ಬರತಾನ.
ಏಳು ತಲಿ ಹೆಸರು ಬಾಯಿಲೇ ಹೇಳತಾನ ನಮ್ಮ ಮನಿದು.
ನಮ್ಮತ್ತಿ ನಾದಿನಿ ಒಬ್ಬಾಕಿ ಬಂದಾಗ ಮಾತ್ರ
ಗಂಟಿ ಬಾರಿಸತಾನ, ಹೆಸರು ಕೇಳಸಂಗಿಲ್ಲ.
ಬಾವಿಗಿ ಬಿದ್ದಾಳಂತ ಆಕಿ.'

ಒಂಬತ್ತಕ್ಕೆ ಬಂದ, ಜತ್ತದಿಂದ, ಹಾಜಿಲಾಲ ಮಣಿಯಾರ.
ಅಜ್ಜಂದಿರು ಬಳೆ ಮಾರಿದವರು,
ಇವನದು ದ್ರಾಕ್ಷಿ ಸಾಗಿಸುವ ಟೆಂಪೋ.
ಅವನ ಹನಿ ಅವಳ ಹನಿಗೆ ಬಿಟ್ಟೆ.
ಒಡೆಯಲಿಲ್ಲ.
ಭೀಮೆಗೆ ಭೀಮೆಯ ನೀರೇ ಸುರಿದ ಹಾಗೆ.

ಚೀಲ ತುಂಬುವವರೆಗೆ ಏನಾದರೂ ಮಾತಾಡಬೇಕಲ್ಲ,
'ನಿಮ್ಮ ಕಡೆ ಯಾರಿಗಾದರೂ ಹೀಗೆ ಇತ್ತೇ?'
'ಯಾರಿಗೊತ್ತರೀ. ಮುತ್ತಜ್ಜಿಗೆ ತವರ ಇದ್ದಿಲ್ಲ ನೋಡ್ರಿ.
ಬಳಿ ಗಾಡಿಯಾಗ ಕುಂತು ಬಂದಾಕಿ.
ನಮಾಜು ತಪ್ಪಸತಿದ್ದಿಲ್ಲ.
ಸೋಮವಾರ ಮಾತ್ರ ಉಣತಿದ್ದಿಲ್ಲ, ಸಾಯೋತನಕ.
ಕೇಳಿದ್ರ, ಹೊಟ್ಟಿ ನೋಯತೈತಿ ಅಂತಿದ್ಲಂತ.'

ನಾನು ಸೂಜಿ ನೋಡುತ್ತಿದ್ದೆ.
ನನಗೆ ಗೊತ್ತಿರುವುದು ಇಷ್ಟೇ: ಈ ಇಲ್ಲ ಬಹಳ ಹಳೆಯದು,
ಕಲಶೆಟ್ಟಿ ಮಣಿಯಾರ ಎಂಬ ಹೆಸರು ಹುಟ್ಟುವ ಮೊದಲೇ
ಯಾರೋ ಎಲ್ಲಿಂದಲೋ ಹೊತ್ತು ತಂದಿದ್ದಿರಬಹುದು.
ರಕ್ತಕ್ಕೆ ಹೆಳವನ ಬಾಯಿಲ್ಲ.
ಗಂಟೆಯೂ ಇಲ್ಲ, ಅದು ಬೇರೆ.

ಫಾರ್ಮಿನಲ್ಲೊಂದು ಕಾಲಂ: ರೋಗಿಗೂ ದಾನಿಗೂ ಸಂಬಂಧ.
'ನಾಹೀ' ಎಂದು ಬರೆದೆ.
ಪೆನ್ನು ಎತ್ತಲು ಸ್ವಲ್ಪ ತಡವಾಯಿತು.

ಚಹಾದಲ್ಲಿ ಬಿಸ್ಕೀಟು ಅದ್ದುತ್ತಿದ್ದವನ ಕಣ್ಣು
ಮೇಜಿನ ಟ್ರೇ ಮೇಲೆ ಹೋಯಿತು.
ನರ ಸಿಗಲೆಂದು ಸಾಬೂನು ಹಚ್ಚಿ ಜಾರಿಸಿ ತೆಗೆದ
ಮಹಾನಂದಾಳ ಹಸಿರು ಬಳೆ.
ಒಂದನ್ನೆತ್ತಿ ಎರಡು ಬೆರಳಲ್ಲಿ ತಿರುವಿದ,
ಮಾರದಿದ್ದರೂ ಮರೆಯದ ಕೈ.
'ಎರಡು-ನಾಲ್ಕು' ಎಂದ,
'ನಮ್ಮ ಮನಿ ಹೆಣ್ಮಕ್ಕಳದೂ ಇದ ಅಳತಿ.'

ಎರಡು-ನಾಲ್ಕು ಅರ್ಧ ಜಿಲ್ಲೆಯ ಅಳತೆ.
ಹಾಗೆಂದು ಹೇಳಲು ಹೋಗಲಿಲ್ಲ ನಾನು.
ಬಳೆಯನ್ನು ಸಪ್ಪಳಾಗದ ಹಾಗೆ ಟ್ರೇಯಲ್ಲಿಟ್ಟು,
'ದ್ರಾಕ್ಷಿ ಬಾಡತಾವರೀ' ಎನ್ನುತ್ತ
ತೋಳಿನ ಹತ್ತಿ ಒತ್ತಿಕೊಂಡು
ಮೆಟ್ಟಿಲಿಳಿದು ಹೋದ.